ಒಳಲೆಯ ಗುಟ್ಟು ಮಗಳಿಗೆ ಹೇಳಿಬಿಡಿ

ಪ್ರಶ್ನೆ: ನಾನು ಜಮಖಂಡಿ ತಾಲ್ಲೂಕಿನವಳು. ಮಗಳು ಚೊಚ್ಚಲ ಬಾಣಂತಿ, ಸಿಸೇರಿಯನ್ ಆಗಿದೆ. ಕೂಸಿಗೆ ಇನ್ನೂ ಮೂರು ವಾರ ತುಂಬಿಲ್ಲ. ತೊಟ್ಟು ಒಡೆದು, ಹಾಲುಣಿಸುವಾಗ ಅವಳು ಅಳುತ್ತಾಳೆ. ಅಳಿಯಂದಿರು ಬೆಳಗಾವಿಯ ಸ್ತನ್ಯಪಾನ ಸಲಹೆಗಾರ್ತಿಯೊಬ್ಬಳಿಗೆ ದುಡ್ಡು ಕೊಟ್ಟು ವಿಡಿಯೊ ಕರೆ ಮಾಡಿಸುತ್ತಿದ್ದಾರೆ. ಮೂವರನ್ನು ಹಡೆದ ನನಗೆ ತಿಳಿಯದ್ದು ಆ ಹುಡುಗಿಗೇನು ತಿಳಿದೀತು? ಕೂಸಿನ ಅಳು ಕೇಳಲಾರದೆ, ಮಗಳು ಮಲಗಿದ ಮೇಲೆ ಕೆಲವು ರಾತ್ರಿ ಆಕಳ ಹಾಲಿಗೆ ನೀರು ಬೆರೆಸಿ ಒಳಲೆಯಲ್ಲಿ ಕುಡಿಸಿದ್ದೇನೆ. ಇದನ್ನು ಹೇಳಲೇ, ಸುಮ್ಮನಿರಲೇ?

ಉತ್ತರ: ಅಕ್ಕಾ, ಹೇಳಿಬಿಡಿ. ಇವತ್ತೇ, ಮಗಳೊಬ್ಬಳೇ ಇರುವಾಗ.

ಕೂಸು ಕುಡಿದಷ್ಟೂ ಎದೆಯಲ್ಲಿ ಹಾಲು ಹುಟ್ಟುತ್ತದೆ. ಅದರಲ್ಲೂ ಹಾಲು ತಯಾರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನು ಏರುವುದು ರಾತ್ರಿ ಹೊತ್ತು. ಆಗಲೇ ಒಳಲೆಯಿಂದ ಹೊಟ್ಟೆ ತುಂಬಿದರೆ ಮರುದಿನ ಹಾಲು ಇನ್ನೂ ಕಡಿಮೆ, ಅಳು ಇನ್ನೂ ಹೆಚ್ಚು. ಸಲಹೆಗಾರ್ತಿಯ ಲೆಕ್ಕವೂ ಕೆಡುತ್ತದೆ. ದಿನಕ್ಕೆ 8ರಿಂದ 12 ಸಲ ಕೂಸು ಕುಡಿಯಬೇಕು, 24 ಗಂಟೆಯಲ್ಲಿ ಆರು ಸಲವಾದರೂ ಚೆನ್ನಾಗಿ ಉಚ್ಚೆ ಹೊಯ್ಯಬೇಕು. ನಿಮ್ಮ ನೀರು ಹಾಲಿನ ಉಚ್ಚೆಯನ್ನೂ ಪಾಪ, ಅವರು ಎದೆಹಾಲಿನ ಖಾತೆಗೇ ಬರೆದುಕೊಳ್ಳುತ್ತಿರಬೇಕು.

ವರ್ಷ ತುಂಬುವವರೆಗೆ ಆಕಳ ಹಾಲನ್ನು ಕುಡಿಯಲು ಕೊಡಬಾರದು. ಅದರ ಪ್ರೋಟೀನು, ಲವಣ ಎಳೆಯ ಮೂತ್ರಪಿಂಡಕ್ಕೆ ಭಾರ. ನೀರು ಬೆರೆಸಿದರೆ ಪೌಷ್ಟಿಕತೆಯೂ ಇಳಿಯುತ್ತದೆ. ನಮ್ಮ ಬಾಗಲಕೋಟೆಯ ಬಿಸಿಲಿಗೆ ನೀರಾದರೂ ಬೇಡವೇ ಎನ್ನುತ್ತೀರಿ. ಆರು ತಿಂಗಳವರೆಗೆ ಅದೂ ಬೇಡ, ಎದೆಹಾಲಿನ ಹೆಚ್ಚಿನ ಪಾಲು ನೀರೇ. ಈಗ ಮೊದಲು ಕೂಸನ್ನು ತೂಗಿಸಿ. ಹುಟ್ಟಿದಾಗಿನ ತೂಕ ಎರಡು ವಾರದ ಹೊತ್ತಿಗೆ ಮರಳಿರಬೇಕು. ಆಶಾ ಕಾರ್ಯಕರ್ತೆ 21 ಮತ್ತು 28ನೇ ದಿನ ಮನೆಗೆ ಬಂದು ನೋಡಬೇಕೆಂಬ ನಿಯಮವಿದೆ, ಖರ್ಚಿಲ್ಲ. ತೂಕ ಏರಿಲ್ಲ, ಉಚ್ಚೆ ಕಡಿಮೆ, ಕೂಸು ಮಂಕಾಗಿದೆ ಎನ್ನಿಸಿದರೆ ಆಶಾಗೂ ಕಾಯದೆ ಅಂದೇ ಮಕ್ಕಳ ವೈದ್ಯರಿಗೆ ತೋರಿಸಿ. ಮೇಲಿನ ಹಾಲು ಬೇಕೆಂದು ಅವರು ಹೇಳಿದರೆ ಕೊಡಿ, ಅದರಲ್ಲಿ ಸೋಲೇನೂ ಇಲ್ಲ.

ಇನ್ನು ಆ ಹುಡುಗಿಗೇನು ತಿಳಿದೀತು ಎಂಬ ಮಾತು. ನಿಮ್ಮ ಕೂಸುಗಳು ಸರಿಯಾಗಿ ಬಾಯಿ ಹಚ್ಚಿರಬೇಕು, ಆದ್ದರಿಂದ ಏಕೆ, ಹೇಗೆ ಎಂದು ನೀವು ಯೋಚಿಸುವ ಪ್ರಸಂಗವೇ ಬರಲಿಲ್ಲ. ತೊಟ್ಟು ಒಡೆದಿದೆ ಎಂದರೆ ಹೆಚ್ಚಾಗಿ ಕೂಸು ತೊಟ್ಟನ್ನಷ್ಟೇ ಚೀಪುತ್ತಿರುತ್ತದೆ. ಬಾಯಿ ಅಗಲವಾಗಿ ತೆರೆದು ಸುತ್ತಲಿನ ಕಪ್ಪು ಭಾಗವೂ ಒಳಗೆ ಹೋಗಬೇಕು, ಗದ್ದ ಎದೆಗೆ ತಾಗಬೇಕು, ಕೆಳದುಟಿ ಹೊರಕ್ಕೆ ಮಡಚಿರಬೇಕು. ಹೊಟ್ಟೆಯ ಮೇಲೆ ಹೊಲಿಗೆ ಇರುವವಳಿಗೆ ಕೂಸನ್ನು ಕಂಕುಳಡಿಗೆ ಹಿಡಿದು ಉಣಿಸುವುದು ಹಗುರ. ಕೆಲವು ಕೂಸುಗಳಿಗೆ ನಾಲಗೆಯ ಕೆಳಗಿನ ಪೊರೆ ಬಿಗಿಯಾಗಿರುತ್ತದೆ. ಇದನ್ನೆಲ್ಲ ನೋಡಿ ಹಿಡಿಯುವುದೇ ಅವರು ಕಲಿತ ವಿದ್ಯೆ. ವಿಡಿಯೊದಲ್ಲಿ ಸರಿಹೋಗದಿದ್ದರೆ ಜಿಲ್ಲಾಸ್ಪತ್ರೆಯ ಹೆರಿಗೆ ವಿಭಾಗದ ದಾದಿಯರಿಗೆ ನೇರವಾಗಿ ತೋರಿಸಿ. ಎದೆ ಕೆಂಪಾಗಿ ಗಟ್ಟಿಯಾದರೆ, ಜ್ವರ ಬಂದರೆ ವೈದ್ಯರೇ ಬೇಕು. ಆಗಲೂ ಹಾಲುಣಿಸುವುದನ್ನು ಬಿಡಿಸಬೇಡಿ.

ಅಂದಹಾಗೆ, ಸಲಹೆಗಾರ್ತಿ ಯಾವುದೋ ಡಬ್ಬಿ ಹಾಲನ್ನು ಹೊಗಳತೊಡಗಿದರೆ ಅವರನ್ನು ಬದಲಾಯಿಸಿ. ಡಬ್ಬಿ ಹಾಲಿನ ಪ್ರಚಾರವನ್ನು 1992ರ ಕಾಯ್ದೆಯೇ ನಿಷೇಧಿಸಿದೆ.

ನಿಮ್ಮ ಕೆಲಸವನ್ನು ಯಾರೂ ಕಸಿದುಕೊಂಡಿಲ್ಲ. ಅಂಟಿನುಂಡಿ, ಸಬ್ಬಸಗಿ ಪಲ್ಯ ಮಾಡಿ ಬಡಿಸಿ. ಅವುಗಳಿಂದ ಹಾಲು ಉಕ್ಕುತ್ತದೆ ಎಂದು ನಾನು ಪ್ರಮಾಣ ಮಾಡಲಾರೆ, ಆದರೆ ಬಾಣಂತಿಗೆ ಹೊಟ್ಟೆ ತುಂಬ ಊಟ ಬೇಕು. ರಾತ್ರಿ ಕೂಸು ಅತ್ತರೆ ಎತ್ತಿ ತಂದು ಮಗಳ ಮಗ್ಗುಲಿಗೆ ಕೊಡಿ. ಕುಡಿದಾದ ಮೇಲೆ ತೇಗಿಸುವುದು, ಬಟ್ಟೆ ಬದಲಿಸುವುದು ನಿಮ್ಮ ಪಾಲಿಗಿರಲಿ.

ಮಗಳು ಸಿಟ್ಟಾಗಬಹುದು. ನಿದ್ದೆಗೆಟ್ಟವಳು, ಎರಡು ಮಾತು ಜೋರಾಗಿ ಬಂದರೆ ತಿರುಗಿ ಆಡಬೇಡಿ. ಮುಂದಿನ ವಿಡಿಯೊ ಕರೆಗೆ ಅವಳ ಪಕ್ಕದಲ್ಲಿ ನೀವೂ ಕುಳಿತು, ಯಾವ ರಾತ್ರಿ ಎಷ್ಟು ಕುಡಿಸಿದಿರಿ ಎಂಬುದನ್ನು ಸಲಹೆಗಾರ್ತಿಗೆ ನೀವೇ ತಿಳಿಸಿ.