ಸೇಡು ಬೇಡ ಎಂದವರ ಸಿಟ್ಟು

ಓದುಗರ ಪ್ರಶ್ನೆಗಳಿಗೆ ಉತ್ತರ

ಹಿಂದಿನ ಸಂಚಿಕೆಯಲ್ಲಿ ಒಂದು ಉತ್ತರದ ನಡುವೆ ಸೆತ್ಸುಕೊ ಥರ್ಲೋ ಅವರ ಹೆಸರು ಹೇಳಿದ್ದೆ. ಹಿರೋಷಿಮಾದ ಅಣುಬಾಂಬಿನಿಂದ ಬದುಕಿ ಉಳಿದು, ಆಮೇಲೆ ಜೀವನವಿಡೀ ಅಣ್ವಸ್ತ್ರಗಳ ವಿರುದ್ಧ ಮಾತಾಡಿದವರು ಅವರು. ಅಷ್ಟಕ್ಕೇ ತುಂಬಾ ಪತ್ರಗಳು ಬಂದಿವೆ. ಈ ಸಲದ ಅಂಕಣ ಪೂರ್ತಿ ಅವಕ್ಕೇ ಮೀಸಲು.

ಪ್ರಶ್ನೆ: ಸೆತ್ಸುಕೊ ಬಗ್ಗೆ ಒಂದೇ ಸಾಲು ಬರೆದು ಬಿಟ್ಟಿರಿ. ಅವರಿಗೆ ನಿಜವಾಗಿ ಏನಾಯಿತು? ಶಾಂತಿಯ ಕೆಲಸಕ್ಕೆ ಹೇಗೆ ಬಂದರು?
– ಒಬ್ಬ ಪ್ರೌಢಶಾಲಾ ಶಿಕ್ಷಕಿ

ಸೆತ್ಸುಕೊ ಹುಟ್ಟಿದ್ದು 1932ರಲ್ಲಿ, ಹಿರೋಷಿಮಾದಲ್ಲೇ. 1945ರ ಆಗಸ್ಟ್ 6ರಂದು ಅವರಿಗೆ 13 ವರ್ಷ. ಯುದ್ಧದ ಕೊನೆಕೊನೆಗೆ ಜಪಾನಿನಲ್ಲಿ ಪಾಠಗಳು ಹೆಚ್ಚುಕಡಿಮೆ ನಿಂತೇ ಹೋಗಿದ್ದವು. ಶಾಲೆಯ ಮಕ್ಕಳನ್ನು ಯುದ್ಧದ ಕೆಲಸಕ್ಕೆ ಹಚ್ಚಿದ್ದರು. ಸೆತ್ಸುಕೊ ಮತ್ತು ಅವರ ಶಾಲೆಯ ಸುಮಾರು 30 ಹುಡುಗಿಯರಿಗೆ ಸೇನಾ ಕಚೇರಿಯಲ್ಲಿ ಗುಪ್ತ ಸಂದೇಶ ಬಿಡಿಸಲು ನೆರವಾಗುವ ಕೆಲಸ. ಹದಿಮೂರರ ಮಕ್ಕಳ ಕೈಯಲ್ಲಿ ಸೇನೆಯ ಕೆಲಸ! ಆ ಊರಿನ ಕಥೆಯಲ್ಲಿ ಹಿಂಸೆ ಬಾಂಬಿಗಿಂತ ಮೊದಲೇ ಶುರುವಾಗಿತ್ತು ಅನ್ನುವುದು ನನ್ನ ಅಭಿಪ್ರಾಯ.

ಆ ಕಟ್ಟಡ ಬಾಂಬ್ ಸಿಡಿದ ಜಾಗದಿಂದ 1.8 ಕಿಲೋಮೀಟರ್ ದೂರದಲ್ಲಿತ್ತು. ಬೆಳಿಗ್ಗೆ 8 ಗಂಟೆ 15 ನಿಮಿಷಕ್ಕೆ ಕಿಟಕಿಯಲ್ಲಿ ಕಣ್ಣು ಕುಕ್ಕುವ ನೀಲಿ ಬೆರೆತ ಬಿಳಿ ಬೆಳಕು ಕಾಣಿಸಿತು. ಮೈ ಗಾಳಿಯಲ್ಲಿ ತೇಲಿದ ಹಾಗೆ ಅನಿಸಿತು. ಎಚ್ಚರವಾದಾಗ ಕಟ್ಟಡ ಕುಸಿದು ಮೈಮೇಲೆ ಬಿದ್ದಿತ್ತು. ಅಲ್ಲಾಡಲು ಆಗುತ್ತಿರಲಿಲ್ಲ. ಕತ್ತಲಲ್ಲಿ ಗೆಳತಿಯರು ಸಣ್ಣ ದನಿಯಲ್ಲಿ ಅಮ್ಮನನ್ನು, ದೇವರನ್ನು ಕರೆಯುತ್ತಿದ್ದರು. ಆಗ ಯಾರೋ ಅವರ ಎಡ ಹೆಗಲನ್ನು ಮುಟ್ಟಿದರು. ಬಿಡಬೇಡ, ತಳ್ಳುತ್ತಲೇ ಇರು, ಅಲ್ಲಿ ಬೆಳಕು ಬರುತ್ತಿದೆ, ಅತ್ತ ತೆವಳು ಎಂದು ಒಬ್ಬ ಗಂಡಸಿನ ದನಿ ಹೇಳಿತು. ತೆವಳಿ ಹೊರಗೆ ಬರುವ ಹೊತ್ತಿಗೆ ಅವಶೇಷಕ್ಕೆ ಬೆಂಕಿ ಹತ್ತಿತ್ತು. ಆ ಕೋಣೆಯಲ್ಲಿದ್ದ ಹುಡುಗಿಯರಲ್ಲಿ ಹೆಚ್ಚಿನವರು ಒಳಗೇ ಸುಟ್ಟುಹೋದರು.

ಆಮೇಲೆ ಬದುಕುಳಿದ ಇನ್ನಿಬ್ಬರು ಹುಡುಗಿಯರ ಜೊತೆ ಗುಡ್ಡದ ಕಡೆ ನಡೆದರು. ದಾರಿಯುದ್ದಕ್ಕೂ ಚರ್ಮ ಸುಲಿದು ಜೋತುಬಿದ್ದ ಜನ. ಎಲ್ಲರೂ ನೀರು ಕೇಳುತ್ತಿದ್ದರು. ಕೊಡಲು ಲೋಟವಿಲ್ಲ, ಪಾತ್ರೆಯಿಲ್ಲ. ಈ ಮೂವರು ಹುಡುಗಿಯರು ತಮ್ಮ ಅಂಗಿಯ ಬಟ್ಟೆ ಹರಿದು ತೊರೆಯ ನೀರಿನಲ್ಲಿ ಅದ್ದಿ ಸಾಯುವವರ ಬಾಯಿಗೆ ಹಿಡಿದರು. ಅವರ ಅಕ್ಕ ಮತ್ತು ಅಕ್ಕನ ನಾಲ್ಕು ವರ್ಷದ ಮಗ ಎಯ್ಜಿ ಕೂಡ ಆ ಬೆಂಕಿಗೆ ಸಿಕ್ಕಿದ್ದರು. ಗುರುತು ಹಿಡಿಯಲಾಗದಷ್ಟು ಸುಟ್ಟಿದ್ದ ಆ ಮಗು ನೀರು ಕೇಳುತ್ತಲೇ ಕೊನೆಯುಸಿರೆಳೆಯಿತು. ಸೈನಿಕರು ಗುಂಡಿ ತೋಡಿ, ಹೆಣಗಳ ಮೇಲೆ ಪೆಟ್ರೋಲ್ ಸುರಿದು ಸುಟ್ಟರು. ಸೆತ್ಸುಕೊ ಅದನ್ನು ನೋಡುತ್ತಾ ನಿಂತಿದ್ದರು. ಒಂದು ಹನಿ ಕಣ್ಣೀರೂ ಬರಲಿಲ್ಲ. ನಾನು ಎಂಥ ಮನುಷ್ಯಳು ಎಂಬ ಪ್ರಶ್ನೆ ಎಷ್ಟೋ ವರ್ಷ ಅವರನ್ನು ಕಾಡಿತು. ಅಷ್ಟು ದೊಡ್ಡ ಆಘಾತವಾದಾಗ ಮನಸ್ಸು ತನ್ನನ್ನು ಉಳಿಸಿಕೊಳ್ಳಲು ಮರಗಟ್ಟುತ್ತದೆ ಎಂದು ಅವರಿಗೆ ತಿಳಿದದ್ದು ಬಹಳ ಕಾಲದ ನಂತರ.

ಶಾಂತಿಯ ಕೆಲಸಕ್ಕೆ ಹೇಗೆ ಬಂದರು ಎಂದು ಕೇಳಿದ್ದೀರಿ. 1954ರಲ್ಲಿ ಅವರು ವಿದ್ಯಾರ್ಥಿವೇತನ ಪಡೆದು ಓದಲು ಹೋದದ್ದು ಅಮೆರಿಕಕ್ಕೇ, ವರ್ಜೀನಿಯಾದ ಲಿಂಚ್‌ಬರ್ಗ್‌ಗೆ. ಅದೇ ವರ್ಷದ ಮಾರ್ಚ್ 1ರಂದು ಅಮೆರಿಕ ಪೆಸಿಫಿಕ್ ಸಾಗರದ ಬಿಕಿನಿ ದ್ವೀಪದಲ್ಲಿ ಹೈಡ್ರೋಜನ್ ಬಾಂಬ್ ಪರೀಕ್ಷಿಸಿತ್ತು. ಅದರ ಬೂದಿ ಒಂದು ಜಪಾನಿ ಮೀನುಗಾರಿಕಾ ದೋಣಿಯ ಮೇಲೆ ಉದುರಿ, ಅದರಲ್ಲಿದ್ದ 23 ಜನರೂ ಕಾಯಿಲೆ ಬಿದ್ದಿದ್ದರು. ದೋಣಿಯ ರೇಡಿಯೋ ನಿರ್ವಾಹಕರು ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಪತ್ರಕರ್ತರು ಕೇಳಿದಾಗ ಸೆತ್ಸುಕೊ ಮುಚ್ಚುಮರೆಯಿಲ್ಲದೆ ತಮ್ಮ ಸಿಟ್ಟನ್ನು ಹೇಳಿದರು. ಮಾರನೇ ದಿನದಿಂದಲೇ ದ್ವೇಷದ ಕಾಗದಗಳು ಬಂದವು. ನಿನ್ನ ದೇಶಕ್ಕೆ ಹೋಗು, ವಿದ್ಯಾರ್ಥಿವೇತನ ಕೊಟ್ಟವರು ಯಾರು, ಪರ್ಲ್ ಹಾರ್ಬರ್ (1941ರಲ್ಲಿ ಜಪಾನ್ ದಾಳಿ ಮಾಡಿದ ಅಮೆರಿಕದ ನೌಕಾನೆಲೆ) ನೆನಪಿಲ್ಲವಾ ಎಂಬ ಧಾಟಿಯ ಮಾತುಗಳು. ಹಾಸ್ಟೆಲ್ ಬಿಟ್ಟು ಪ್ರಾಧ್ಯಾಪಕರೊಬ್ಬರ ಮನೆಯಲ್ಲಿ ಉಳಿಯಬೇಕಾಯಿತು. ಆಗ ಅವರ ಮುಂದೆ ಎರಡೇ ದಾರಿ ಇದ್ದವು: ಬಾಯಿ ಮುಚ್ಚಿಕೊಂಡು ಓದು ಮುಗಿಸುವುದು, ಇಲ್ಲವೇ ಕಂಡದ್ದನ್ನು ಹೇಳುತ್ತಾ ಹೋಗುವುದು. ಎರಡನೆಯದನ್ನು ಆರಿಸಿಕೊಂಡರು. ಆಗ ಅವರಿಗೆ 22 ವರ್ಷ, ಪರದೇಶ, ಕೈಯಲ್ಲಿ ಕಾಸಿಲ್ಲ. ಅವರು ನಿಜವಾಗಿ ಶಾಂತಿಯ ಕೆಲಸಕ್ಕೆ ಇಳಿದದ್ದು ಆ ದಿನಗಳಲ್ಲೇ ಎಂದು ನನಗನಿಸುತ್ತದೆ.

ಆಮೇಲೆ ಮದುವೆಯಾಗಿ ಕೆನಡಾದ ಟೊರೊಂಟೊದಲ್ಲಿ ನೆಲೆಸಿ ಸಮಾಜ ಕಾರ್ಯಕರ್ತೆಯಾಗಿ ದುಡಿದರು. ಜೊತೆಜೊತೆಗೆ ಶಾಲೆಗಳಲ್ಲಿ, ಸಭೆಗಳಲ್ಲಿ ಮಾತಾಡುತ್ತಲೇ ಬಂದರು. 2017ರಲ್ಲಿ ಅಣ್ವಸ್ತ್ರ ನಿರ್ಮೂಲನೆಗಾಗಿ ದುಡಿಯುವ ಐಕ್ಯಾನ್ ಎಂಬ ಅಂತರರಾಷ್ಟ್ರೀಯ ಒಕ್ಕೂಟಕ್ಕೆ ನೊಬೆಲ್ ಶಾಂತಿ ಪ್ರಶಸ್ತಿ ಬಂದಾಗ, ಓಸ್ಲೊದಲ್ಲಿ ಸಂಘಟನೆಯ ಪರವಾಗಿ ಅದನ್ನು ಪಡೆದವರಲ್ಲಿ ಇವರೂ ಒಬ್ಬರು. ತಮ್ಮ ಶಾಲೆಯಲ್ಲಿ ಸತ್ತ 351 ಜನರ ಹೆಸರು ಬರೆದ ಉದ್ದನೆಯ ಹಳದಿ ಬಟ್ಟೆಯನ್ನು ಅವರು ಸಭೆಗಳಿಗೆ ಒಯ್ಯುತ್ತಿದ್ದರು. ಸಂಖ್ಯೆ ಬೇಡ, ಹೆಸರು ನೋಡಿ ಎನ್ನುವುದು ಅವರ ಹಟ.

ಪ್ರಶ್ನೆ: ಇಷ್ಟೆಲ್ಲ ಆದಮೇಲೂ ಸೇಡು ಬೇಡ ಅನ್ನುವವರು ದೊಡ್ಡ ಮನುಷ್ಯರೇ ಸರಿ. ಆದರೆ ಅವರು ಅಮೆರಿಕವನ್ನು ಕ್ಷಮಿಸಿಬಿಟ್ಟರಾ? ನನಗೆ ಅದು ಅರಗುವುದಿಲ್ಲ.
– ನಿವೃತ್ತ ಸೈನಿಕರು

ನಿಮ್ಮ ಪತ್ರ ಓದಿ ಖುಷಿಯಾಯಿತು, ಯಾಕೆಂದರೆ ಇದನ್ನು ನೇರವಾಗಿ ಕೇಳುವವರು ಕಡಿಮೆ. ಶಾಂತಿ ಎಂದ ಕೂಡಲೇ ಕ್ಷಮೆ ಎಂದು ನಾವೇ ಸೇರಿಸಿಕೊಳ್ಳುತ್ತೇವೆ, ಅಲ್ವಾ? ಸೆತ್ಸುಕೊ ಅವರ ನೊಬೆಲ್ ಭಾಷಣವನ್ನು ಓದಿ ನೋಡಿ. ಮೆತ್ತಗಿನ ಮಾತು ಅದರಲ್ಲಿಲ್ಲ. ಅಣ್ವಸ್ತ್ರ ಇಟ್ಟುಕೊಂಡ ದೇಶಗಳನ್ನಷ್ಟೇ ಅಲ್ಲ, ಅವುಗಳ ರಕ್ಷಣೆಯ ಕೊಡೆಯಡಿ ನಿಂತ ದೇಶಗಳನ್ನೂ ಹೆಸರು ಹಿಡಿದು ಕರೆದ ಹಾಗೆ ಎಚ್ಚರಿಸುತ್ತಾರೆ. ನೀವೆಲ್ಲ ಹಿಂಸೆಯ ಒಂದೇ ವ್ಯವಸ್ಥೆಯ ಭಾಗ ಎನ್ನುತ್ತಾರೆ. ಆ ಕೊಡೆಯಡಿ ಅವರು ಹುಟ್ಟಿದ ಜಪಾನ್ ಇದೆ, ಬಾಳಿದ ಕೆನಡಾವೂ ಇದೆ.

ಬಾಂಬಿನಿಂದ ಉಳಿದವರನ್ನು ಜಪಾನಿನಲ್ಲಿ ಹಿಬಾಕುಶಾ ಎನ್ನುತ್ತಾರೆ. ಅವರೆಲ್ಲ ಸೇರಿ ಕಟ್ಟಿದ ಸಂಘಟನೆ ನಿಹೋನ್ ಹಿಡಾಂಕ್ಯೊ. 1956ರ ಆಗಸ್ಟ್ 10ರಂದು ನಾಗಸಾಕಿಯಲ್ಲಿ ಶುರುವಾಯಿತು. 2024ರ ನೊಬೆಲ್ ಶಾಂತಿ ಪ್ರಶಸ್ತಿ ಅದಕ್ಕೇ ಬಂದದ್ದು. ಅದರ ಮುಖ್ಯ ಬೇಡಿಕೆಗಳು ಎರಡು. ಅಣ್ವಸ್ತ್ರ ಇಲ್ಲವಾಗಬೇಕು. ಯುದ್ಧ ಶುರುಮಾಡಿ ನಡೆಸಿದ ಜಪಾನ್ ಸರ್ಕಾರ ಬಾಂಬಿನ ಹಾನಿಗೆ ಪರಿಹಾರ ಕೊಡಬೇಕು. ಎರಡನೇ ಬೇಡಿಕೆ ಸ್ವಂತ ಸರ್ಕಾರದ ಮೇಲಿನದು, ಗಮನಿಸಿ. ಬದುಕಿರುವವರಿಗೆ ಚಿಕಿತ್ಸೆಯ ನೆರವು ಕಾನೂನಿನಿಂದ ಬಂತು. ಸತ್ತವರಿಗೆ ಏನೂ ಬರಲಿಲ್ಲ. ಓಸ್ಲೊದಲ್ಲಿ ಸಂಘಟನೆಯ ಪರವಾಗಿ ಮಾತಾಡಿದ ತೆರುಮಿ ತನಾಕ ಅವರಿಗೆ ಆಗ 92 ವರ್ಷ. ಸತ್ತವರಿಗೆ ಸರ್ಕಾರ ಯಾವ ಪರಿಹಾರವನ್ನೂ ಕೊಟ್ಟಿಲ್ಲ ಎಂಬ ಮಾತನ್ನು ಒಮ್ಮೆ ಓದಿದ ಮೇಲೆ, ಬರೆದು ತಂದ ಭಾಷಣದಲ್ಲಿ ಇಲ್ಲದಿದ್ದರೂ, ಅವರು ಅದನ್ನೇ ಇನ್ನೊಮ್ಮೆ ಒತ್ತಿ ಹೇಳಿದರು. ಇಡೀ ಲೋಕ ಕೇಳುತ್ತಿದ್ದ ವೇದಿಕೆಯಲ್ಲಿ ಆ ವಯಸ್ಸಿನವರು ಆಡಿದ ಮಾತು ಅದು. ನನಗೆ ಅವರ ಮೇಲೆ ತುಂಬಾ ಗೌರವ.

ಹಾಗಾಗಿ ಸಿಟ್ಟು ಹೋಗಿಲ್ಲ. ಆದರೆ ಅದು ಅಮೆರಿಕದ ಯಾರದೋ ಮಗುವಿಗೂ ಹೀಗಾಗಲಿ ಎಂಬ ಕಡೆ ತಿರುಗಲಿಲ್ಲ. ನಮ್ಮ ಹಾಗೆ ಇನ್ಯಾರೂ ಆಗಬಾರದು ಎಂಬ ಕಡೆ ತಿರುಗಿತು. ಯುದ್ಧ ನೋಡಿದ ನಿಮಗೆ ಇದು ನನಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಪ್ರಶ್ನೆ: ಬದುಕಿ ಉಳಿದವರು ಆಗಲೇ ಯಾಕೆ ಮಾತಾಡಲಿಲ್ಲ? ಹಿಡಾಂಕ್ಯೊ ಶುರುವಾಗಲು 11 ವರ್ಷ ಯಾಕೆ ಬೇಕಾಯಿತು?
– ಇತಿಹಾಸದ ಎಂ.ಎ. ವಿದ್ಯಾರ್ಥಿ

ಮಾತಾಡಲು ಬಿಡಲಿಲ್ಲ, ಅದು ಮೊದಲ ಕಾರಣ. 1952ರ ತನಕ ಜಪಾನ್ ಅಮೆರಿಕ ನೇತೃತ್ವದ ಸೇನಾ ಆಡಳಿತದಲ್ಲಿತ್ತು. ಆ ಆಡಳಿತ ಪತ್ರಿಕೆಗಳ ಮೇಲೆ ಕಡಿವಾಣ ಹಾಕಿ, ಬಾಂಬಿನ ಹಾನಿಯ ಬಗ್ಗೆ ಬರೆದದ್ದನ್ನು ತಡೆಯಿತು. ಅದೇ ಹೊತ್ತಿಗೆ ಅಮೆರಿಕ ತೆರೆದ ಸಂಶೋಧನಾ ಕೇಂದ್ರದ ವೈದ್ಯರು ಉಳಿದವರನ್ನು ಕರೆದು ಪರೀಕ್ಷಿಸುತ್ತಿದ್ದರು, ಆದರೆ ಚಿಕಿತ್ಸೆ ಕೊಡುತ್ತಿರಲಿಲ್ಲ. ಇದು ಹಿಬಾಕುಶಾಗಳ ಎದೆಯಲ್ಲಿ ಇನ್ನೂ ಇರುವ ನೋವು.

ಎರಡನೆಯದು ಊರವರ ಭಯ. ವಿಕಿರಣ ಅಂಟುರೋಗ, ಹುಟ್ಟುವ ಮಕ್ಕಳಿಗೂ ತಗಲುತ್ತದೆ ಎಂದು ಜನ ಹೆದರಿದರು. ಗಂಡು–ಹೆಣ್ಣು ಸಿಗಲಿಲ್ಲ, ಕೆಲಸ ಸಿಗಲಿಲ್ಲ. ಹಾಗಾಗಿ ಎಷ್ಟೋ ಜನ ಗಂಡನಿಗೂ ಮಕ್ಕಳಿಗೂ ಹೇಳದೆ ಮುಚ್ಚಿಟ್ಟರು. 1954ರ ಬಿಕಿನಿ ಘಟನೆ ನಂತರ ಜಪಾನಿನಲ್ಲಿ ಕೋಟಿಗಟ್ಟಲೆ ಜನ ಅಣುಬಾಂಬಿನ ವಿರುದ್ಧ ಸಹಿ ಹಾಕಿದರು. ಮರುವರ್ಷ ಹಿರೋಷಿಮಾದಲ್ಲಿ ವಿಶ್ವ ಸಮ್ಮೇಳನ ನಡೆಯಿತು. ಕೇಳುವವರು ಇದ್ದಾರೆ ಎಂದು ಗೊತ್ತಾದ ಮೇಲೆ ಹೇಳುವವರು ಎದ್ದು ನಿಂತರು.

ಪ್ರಶ್ನೆ: ನನ್ನ ಮಗಳಿಗೆ 10 ವರ್ಷ. ಇದನ್ನೆಲ್ಲ ಅವಳಿಗೆ ಹೇಳಬಹುದಾ?
– ಒಬ್ಬ ತಂದೆ

ಹೇಳಿ. ಸುಟ್ಟ ದೇಹಗಳ ಚಿತ್ರ ಈಗ ಬೇಡ. ಸದಾಕೊ ಸಸಾಕಿಯಿಂದ ಶುರುಮಾಡಿ. ಬಾಂಬ್ ಬಿದ್ದಾಗ ಅವಳಿಗೆ 2 ವರ್ಷ. 12ನೇ ವಯಸ್ಸಿಗೆ ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡಳು. ಆಸ್ಪತ್ರೆಯಲ್ಲಿ ಕಾಗದದ ಕೊಕ್ಕರೆ ಮಡಚುತ್ತಿದ್ದಳು. ಅವಳ ಸಹಪಾಠಿಗಳೇ ಹಣ ಕೂಡಿಸಲು ಓಡಾಡಿ, ಹಿರೋಷಿಮಾದಲ್ಲಿ ಮಕ್ಕಳ ಸ್ಮಾರಕ ನಿಲ್ಲುವಂತೆ ಮಾಡಿದರು. 10 ವರ್ಷದ ಮಗುವಿಗೆ ಆ ಕೊನೆಯ ಭಾಗ ತುಂಬಾ ಮುಖ್ಯ.

ಪ್ರಶ್ನೆ: ನಾನೂ ಹಿಂಸೆ ಅನುಭವಿಸಿದವಳು. ಈಗ ಅದರಿಂದ ಹೊರಗೆ ಬಂದಿದ್ದೇನೆ. ನೀನು ಇದನ್ನು ನಾಲ್ಕು ಜನರ ಮುಂದೆ ಹೇಳು, ಬೇರೆಯವರಿಗೆ ಧೈರ್ಯ ಬರುತ್ತದೆ ಎಂದು ಗೆಳತಿಯರು ಒತ್ತಾಯಿಸುತ್ತಾರೆ. ಹೇಳದಿದ್ದರೆ ತಪ್ಪಾ?
– ಹೆಸರು ಬೇಡ ಎಂದವರು

ಖಂಡಿತ ತಪ್ಪಲ್ಲ. ಈ ಅಂಕಣದಲ್ಲಿ ಸೆತ್ಸುಕೊ ಅವರನ್ನು ಹೊಗಳಿದ್ದನ್ನು ಓದಿ, ನಾನೂ ಹಾಗೇ ಆಗಬೇಕಾ ಎಂಬ ಭಾರ ನಿಮಗೆ ಬರಬಾರದು.

ಹೇಳುವುದಕ್ಕೆ ಎಷ್ಟು ಬೆಲೆ ತೆರಬೇಕು ಎಂಬುದಕ್ಕೆ ಸುಮಿತೆರು ತನಿಗುಚಿ ಅವರನ್ನು ನೋಡಿ. 16ರ ಹುಡುಗ, ನಾಗಸಾಕಿಯಲ್ಲಿ ಸೈಕಲ್ ಮೇಲೆ ಕಾಗದ ಹಂಚುತ್ತಿದ್ದಾಗ ಬೆನ್ನು ಪೂರ್ತಿ ಸುಟ್ಟಿತು. 1 ವರ್ಷ 9 ತಿಂಗಳು ಬೋರಲಾಗಿ ಮಲಗಿದ್ದರು. 2010ರಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಸಭೆಯಲ್ಲಿ ತಮ್ಮ ಕೆಂಪು ಬೆನ್ನಿನ ಹಳೇ ಫೋಟೋ ಎತ್ತಿಹಿಡಿದರು. ನಾನು ಪ್ರಯೋಗದ ಪ್ರಾಣಿಯಲ್ಲ, ಪ್ರದರ್ಶನದ ವಸ್ತುವೂ ಅಲ್ಲ, ಆದರೂ ದಯವಿಟ್ಟು ಮುಖ ತಿರುಗಿಸದೆ ನೋಡಿ ಎಂಬರ್ಥದ ಮಾತು ಹೇಳಿದರು. ಪ್ರತಿ ಸಲ ಹೇಳುವಾಗಲೂ ಆ ಗಾಯವನ್ನು ಮತ್ತೆ ತೆರೆಯಬೇಕು. ತೆರೆಯುವ ನಿರ್ಧಾರ ಗಾಯ ಇದ್ದವರದೇ, ಗೆಳತಿಯರದಲ್ಲ.

ಸಾವಿರಾರು ಹಿಬಾಕುಶಾಗಳು ಎಂದೂ ಮಾತಾಡಲಿಲ್ಲ. ಕೆಲವರು ಮುಪ್ಪಿನಲ್ಲಿ, ಮೊಮ್ಮಕ್ಕಳು ಕೇಳಿದಾಗ ಬಾಯಿಬಿಟ್ಟರು. ನೀವು ಹೇಳಬೇಕು ಅನಿಸಿದರೆ ಮೊದಲು ಒಬ್ಬರಿಗೆ ಹೇಳಿ, ನಂಬಿಕೆಯವರಿಗೆ. ಒಳ್ಳೇ ಆಪ್ತಸಲಹೆಗಾರರಾದರೆ ಇನ್ನೂ ಒಳ್ಳೆಯದು. ಹೇಳಿದ ಮೇಲೆ ರಾತ್ರಿ ನಿದ್ದೆ ಹೇಗಿತ್ತು ನೋಡಿಕೊಳ್ಳಿ. ಎಷ್ಟು ಹೇಳಬೇಕು, ಯಾವುದನ್ನು ಬಿಡಬೇಕು ಎಂಬುದು ನಿಮ್ಮ ಕೈಯಲ್ಲೇ ಇರಲಿ. ಅರ್ಧಕ್ಕೆ ನಿಲ್ಲಿಸುವ ಹಕ್ಕೂ ನಿಮ್ಮದೇ.

ಪ್ರಶ್ನೆ: ಅವರೆಲ್ಲ ಇಷ್ಟು ವರ್ಷ ಮಾತಾಡಿ ಏನಾಯ್ತು? ಬಾಂಬುಗಳು ಇನ್ನೂ ಇವೆಯಲ್ಲ.
– ಬ್ಯಾಂಕ್ ಉದ್ಯೋಗಿ

ಇವೆ, ಸುಮಾರು 12,000. ಒಂಬತ್ತು ದೇಶಗಳ ಬಳಿ ಇವೆ, ನಮ್ಮ ದೇಶವೂ ಅದರಲ್ಲಿ ಒಂದು. 1980ರ ದಶಕದಲ್ಲಿ 70,000ದ ಹತ್ತಿರ ಇದ್ದವು. ಕಡಿಮೆಯಾದದ್ದಕ್ಕೆ ಶೀತಲ ಸಮರ ಮುಗಿದದ್ದು ದೊಡ್ಡ ಕಾರಣ, ಅದನ್ನೆಲ್ಲ ಹಿಬಾಕುಶಾಗಳ ಲೆಕ್ಕಕ್ಕೆ ಹಾಕುವುದಿಲ್ಲ. ಆದರೆ 1945ರ ನಂತರ ಯಾವ ಯುದ್ಧದಲ್ಲೂ ಯಾರೂ ಅಣುಬಾಂಬ್ ಹಾಕಿಲ್ಲ. ಹಾಕುವುದು ನಾಚಿಕೆಗೇಡು ಎಂಬ ಭಾವನೆ ಲೋಕದಲ್ಲಿ ಬೇರೂರಿದ್ದರಲ್ಲಿ ಇವರ ಮಾತಿನ ಪಾಲು ದೊಡ್ಡದು. ನೊಬೆಲ್ ಸಮಿತಿ ಹೇಳಿದ್ದೂ ಇದನ್ನೇ.

ಇನ್ನೊಂದು ಕಣ್ಣಿಗೆ ಕಾಣುವ ಫಲ ಇದೆ. 2013–14ರಲ್ಲಿ ಓಸ್ಲೊ, ಮೆಕ್ಸಿಕೊದ ನಯಾರಿತ್ ಮತ್ತು ವಿಯೆನ್ನಾದಲ್ಲಿ ಮೂರು ಸಮ್ಮೇಳನಗಳು ನಡೆದವು. ಅಲ್ಲಿನ ಚರ್ಚೆ ಯಾರ ಹತ್ತಿರ ಎಷ್ಟು ಕ್ಷಿಪಣಿ ಎಂಬುದಲ್ಲ, ಬಾಂಬು ಮನುಷ್ಯರಿಗೆ ಏನು ಮಾಡುತ್ತದೆ ಎಂಬುದು. ಆ ದಾರಿಯಲ್ಲಿ 2017ರ ಜುಲೈ 7ರಂದು ಅಣ್ವಸ್ತ್ರ ನಿಷೇಧ ಒಪ್ಪಂದಕ್ಕೆ ವಿಶ್ವಸಂಸ್ಥೆಯಲ್ಲಿ 122 ದೇಶಗಳು ಮತ ಹಾಕಿದವು. ಅದರ ಪೀಠಿಕೆಯಲ್ಲಿ ಹಿಬಾಕುಶಾಗಳ ನೋವಿನ ಉಲ್ಲೇಖವಿದೆ. 2021ರ ಜನವರಿ 22ರಿಂದ ಅದು ಜಾರಿಯಲ್ಲಿದೆ. ಅಣ್ವಸ್ತ್ರ ಇರುವ ಒಂದು ದೇಶವೂ ಸೇರಿಲ್ಲ, ಜಪಾನ್ ಕೂಡ ಸೇರಿಲ್ಲ. ಹಿಬಾಕುಶಾಗಳು ಈಗ ಪ್ರತಿ ವರ್ಷ ತಮ್ಮದೇ ಸರ್ಕಾರವನ್ನು ಕೇಳುತ್ತಿರುವುದು ಇದನ್ನೇ.

ಪ್ರಶ್ನೆ: ಅವರ ಕಾಲ ಮುಗಿದ ಮೇಲೆ ಯಾರು ಹೇಳುತ್ತಾರೆ?
– ಪಿಯುಸಿ ವಿದ್ಯಾರ್ಥಿನಿ

2025ರ ಮಾರ್ಚ್ ಕೊನೆಗೆ ಜಪಾನಿನಲ್ಲಿ ನೋಂದಾಯಿತ ಹಿಬಾಕುಶಾಗಳ ಸಂಖ್ಯೆ ಮೊದಲ ಬಾರಿಗೆ ಒಂದು ಲಕ್ಷಕ್ಕಿಂತ ಕೆಳಗೆ ಇಳಿಯಿತು. ಸರಾಸರಿ ವಯಸ್ಸು 86. ಹಾಗಾಗಿ ನಿನ್ನ ಪ್ರಶ್ನೆ ಅವರದ್ದೂ ಹೌದು. ಹಿರೋಷಿಮಾ ನಗರ 2012ರಿಂದ ಉತ್ತರಾಧಿಕಾರಿಗಳಿಗೆ ತರಬೇತಿ ಕೊಡುತ್ತಿದೆ. ಒಬ್ಬೊಬ್ಬರೂ ಒಬ್ಬ ಹಿಬಾಕುಶಾ ಜೊತೆ ಕೂತು, ಅವರ ಬದುಕನ್ನು ಕೇಳಿ, ಬರೆದು, ಸರಿ ಇದೆಯಾ ಎಂದು ಅವರಿಗೇ ತೋರಿಸಿ, ಆಮೇಲೆ ಅವರ ಪರವಾಗಿ ಜನರ ಮುಂದೆ ಹೇಳುತ್ತಾರೆ.

ನಿನಗೆ ಮುಂದೆ ಓದುವ ಆಸೆ ಇದ್ದರೆ ನೊಬೆಲ್ ಪ್ರಶಸ್ತಿಯ ಜಾಲತಾಣದಲ್ಲಿ ಸೆತ್ಸುಕೊ (2017) ಮತ್ತು ತನಾಕ (2024) ಅವರ ಭಾಷಣಗಳು ಪೂರ್ತಿಯಾಗಿ ಸಿಗುತ್ತವೆ. ಇಂಗ್ಲಿಷ್ ಸರಳವಾಗಿದೆ. ಮೊದಲು ಸೆತ್ಸುಕೊ ಅವರದ್ದನ್ನು ಓದು. ತನಾಕ ಅವರದ್ದರಲ್ಲಿ ಹಿಡಾಂಕ್ಯೊದ ಇಡೀ ಇತಿಹಾಸ ಬರುತ್ತದೆ. ಓದಿದ ಮೇಲೆ ಏನನಿಸಿತು ಎಂದು ಬರೆ, ಇದೇ ಅಂಕಣದಲ್ಲಿ ಹಾಕುತ್ತೇನೆ.