ಪೋಸ್ಟರ್‌ನಲ್ಲಿ ಹೆಸರಿದ್ದ ಮಾತ್ರಕ್ಕೆ ನುಡಿಸಿದರು ಅಂತಲ್ಲ

ನ್ಯೂಯಾರ್ಕಿನ ಸಿಬಿಜಿಬಿ ಅನ್ನುವ ರಾಕ್ ಸಂಗೀತದ ಕ್ಲಬ್ಬಿನಲ್ಲಿ ನುಡಿಸಿದ ಹೆಸರಾಂತ ಬ್ಯಾಂಡ್‌ಗಳ ಪಟ್ಟಿಗೆ ಹಳೇ ಪೋಸ್ಟರ್, ಜಾಹೀರಾತು ಸಾಕೇ ಅಂತ ಕೇಳಿದ್ದೀರಿ. ಸಾಲದು. ಹಾಗೇ ಶುರುಮಾಡಿ ನನ್ನ ಪಟ್ಟಿಯ 1975ರ ಸಾಲುಗಳನ್ನೆಲ್ಲ ಅಳಿಸಿ ಮತ್ತೆ ಬರೆದವನು ನಾನು.

ಎಡವಿದ್ದೆಲ್ಲಿ ಅಂದರೆ, ಜಾಹೀರಾತನ್ನೇ ಹಾಜರಿ ಪುಸ್ತಕ ಅಂದುಕೊಂಡೆ. ಅದು ಅಚ್ಚಿಗೆ ಹೋಗುವುದು ಕಾರ್ಯಕ್ರಮಕ್ಕೆ ಎಷ್ಟೋ ದಿನ ಮೊದಲು. ಆಮೇಲೆ ಕೈಕೊಟ್ಟ ಬ್ಯಾಂಡ್ ಅದರಲ್ಲಿ ಉಳಿದೇ ಇರುತ್ತದೆ, ಬದಲಿಗೆ ವೇದಿಕೆ ಹತ್ತಿದವರು ಇರುವುದಿಲ್ಲ. ಮೊದಲು ನುಡಿಸುವವರ ಹೆಸರನ್ನು ಎಷ್ಟೋ ಸಲ ಹಾಕುವುದೇ ಇಲ್ಲ. ಇನ್ನು ಒಂದೇ ರಾತ್ರಿ ಒಂದೇ ಬ್ಯಾಂಡ್ ಎರಡು ಸಲ ನುಡಿಸಿ, ಎರಡನೆಯದು ಹನ್ನೆರಡು ದಾಟಿದರೆ ಅದನ್ನು ಮುದ್ರಿಸಿದ ಟೇಪಿನ ಮೇಲೆ ಮರುದಿನದ ತಾರೀಖು ಬೀಳುತ್ತದೆ. ಜಾಹೀರಾತಿನದೊಂದು, ಟೇಪಿನದೊಂದು ಅಂತ ಎರಡು ಕಾರ್ಯಕ್ರಮ ಎಣಿಸಿಬಿಟ್ಟೆ. 1975ರಲ್ಲಿ ಗಾಯಕಿ ಪ್ಯಾಟಿ ಸ್ಮಿತ್ ಮತ್ತು ಟೆಲಿವಿಷನ್ ಅನ್ನುವ ಬ್ಯಾಂಡ್ ವಾರಗಟ್ಟಲೆ ಜೊತೆಯಾಗಿ ನುಡಿಸಿದರಲ್ಲ, ಅಂಥ ಸರಣಿಯಲ್ಲಿ ಈ ತಪ್ಪು ಚಕ್ರಬಡ್ಡಿಯಂತೆ ಬೆಳೆಯುತ್ತದೆ.

ಆದ್ದರಿಂದ ಒಂದು ರಾತ್ರಿಗೆ ಒಂದೇ ಸಾಲು. ಸಂಜೆ ಬಾಗಿಲು ತೆರೆದ ದಿನದ ತಾರೀಖು, ಬ್ಯಾಂಡಿನ ಆಗಿನ ಹೆಸರು, ಆಗಿದ್ದ ಸದಸ್ಯರು, ನುಡಿಸಿದ ಸರದಿ, ಆಧಾರ. ಎಂಬತ್ತರ ದಶಕದ ಭಾನುವಾರ ಮಧ್ಯಾಹ್ನದ ಹಾರ್ಡ್‌ಕೋರ್ (ಬಿರುಸಿನ ಪಂಕ್) ಮ್ಯಾಟಿನಿಗಳಿಗೆ ಮಾತ್ರ ಬೇರೆ ಸಾಲು ಕೊಡಿ. ಆಗಿನ ಹೆಸರು ಬೇಕೇ ಬೇಕು: 1974ರಲ್ಲಿ ಬ್ಲಾಂಡಿ ಅಂತ ಮಾತ್ರ ಹುಡುಕಿದರೆ ಏಂಜಲ್ ಅಂಡ್ ದ ಸ್ನೇಕ್ ಕಣ್ತಪ್ಪುತ್ತದೆ, ಬ್ಯಾಂಡ್ ಅದೇ. 1975ರ ಜೂನ್‌ನಲ್ಲಿ ರಮೋನ್ಸ್‌ಗಿಂತ ಮುಂಚೆ ನುಡಿಸಿದ ಟಾಕಿಂಗ್ ಹೆಡ್ಸ್‌ನಲ್ಲಿ ಮೂವರೇ. ನಾಲ್ಕನೆಯವರಾದ ಜೆರ್ರಿ ಹ್ಯಾರಿಸನ್ ಸೇರಿದ್ದು 1977ರಲ್ಲಿ. ನಾಲ್ವರಿರುವ ಫೋಟೋದಡಿ 1975 ಅಂತಿದ್ದರೆ ನಂಬಬೇಡಿ.

ಕಾರ್ಯಕ್ರಮ ಆದ ಮೇಲೆ ಬಂದ ವಿಮರ್ಶೆ, ತಾರೀಖಿರುವ ಟೇಪು, ದಿನಚರಿ, ಇವುಗಳಲ್ಲಿ ಎರಡಾದರೂ ಹೊಂದಬೇಕು. ಒಂದೇ ಪೋಸ್ಟರ್ ನೋಡಿ ಹತ್ತು ಜನ ಬರೆದರೂ ಅದು ಒಂದೇ ಸಾಕ್ಷಿ.

ಹೆಸರು ಮಾಡದವರನ್ನು ಬಿಟ್ಟುಬಿಡಲೇ ಅಂತಲೂ ಕೇಳಿದ್ದೀರಿ. ಈ ಜರಡಿಯೇ ತಪ್ಪು ಅನ್ನುತ್ತೇನೆ. ಮಾಲೀಕ ಹಿಲಿ ಕ್ರಿಸ್ಟಲ್ 1973ರ ಕೊನೆಗೆ ಈ ಕ್ಲಬ್ ತೆರೆದದ್ದು ಕಂಟ್ರಿ, ಬ್ಲೂಗ್ರಾಸ್, ಬ್ಲೂಸ್‌ಗಾಗಿ. ಬಂದವರು ಸ್ವಂತ ಹಾಡು ನುಡಿಸಬೇಕು ಅನ್ನುವುದು ಅಲ್ಲಿನ ಕಟ್ಟಳೆ. 1974ರ ಆಗಸ್ಟ್ 16ರಂದು ಮೊದಲ ಸಲ ಅಲ್ಲಿ ನುಡಿಸಿದಾಗ ರಮೋನ್ಸ್ ಯಾರಿಗೆ ಗೊತ್ತಿತ್ತು? 1978ರ ಅಕ್ಟೋಬರ್‌ನಲ್ಲಿ ದ ಪೊಲೀಸ್ ಬ್ಯಾಂಡ್ ಅಮೆರಿಕದಲ್ಲಿ ಮೊದಲು ನುಡಿಸಿದ್ದೂ ಇಲ್ಲೇ. ಎಲ್ಲರನ್ನೂ ಬರೆಯಿರಿ, ಆರಿಸುವುದು ಆಮೇಲೆ.

ಕಾಲಂಗಳು ಸರಿಯಿವೆಯೇ ಅಂತ ನೋಡಲು 2006ರ ಅಕ್ಟೋಬರ್ 15ರಿಂದ ಶುರುಮಾಡಿ: ಕ್ಲಬ್ಬಿನ ಕೊನೆಯ ರಾತ್ರಿ, ಪ್ಯಾಟಿ ಸ್ಮಿತ್. ವರದಿಗಳು ಬೇಕಾದಷ್ಟಿವೆ. 1974ಕ್ಕೆ ಕೈಹಾಕುವುದು ಆಮೇಲೆ.