ಊರಿನವರದೇ ದಿನಸಿ ಅಂಗಡಿ: ಮೊದಲು ಉದ್ರಿಯ ಮಾತು ಮುಗಿಯಲಿ

ಜಗಳೂರು ತಾಲ್ಲೂಕಿನ ಹಳ್ಳಿಯೊಂದರಿಂದ ನಿವೃತ್ತ ಶಿಕ್ಷಕಿಯೊಬ್ಬರು ನಮಗೆ ಪತ್ರ ಬರೆದಿದ್ದಾರೆ. ಅವರ ಊರಿನಲ್ಲಿ ಸುಮಾರು 200 ಮನೆಗಳಿವೆ, ಎರಡು ಕಿರಾಣಿ ಅಂಗಡಿಗಳಿವೆ. ತಿಂಗಳ ಸಾಮಾನಿಗೆ ಅನುಕೂಲವಿದ್ದವರು ದಾವಣಗೆರೆಗೆ ಹೋಗುತ್ತಾರೆ, ಇಲ್ಲದವರು ಊರಿನಲ್ಲೇ ಉದ್ರಿ ಬರೆಸುತ್ತಾರೆ. ಮೂರು ಸ್ವಸಹಾಯ ಸಂಘಗಳ ಮಹಿಳೆಯರು ಕೂಡಿ, ಸದಸ್ಯರೇ ಮಾಲೀಕರಾಗಿರುವ ಸಹಕಾರಿ ದಿನಸಿ ಅಂಗಡಿಯೊಂದನ್ನು ಯುಗಾದಿಗೆ ತೆರೆಯಬೇಕೆಂದಿದ್ದಾರೆ. 80 ಮನೆಯವರು ತಲಾ 1,000 ರೂಪಾಯಿ ಷೇರು ಹಾಕಲು ಒಪ್ಪಿದ್ದಾರೆ. ಊರಿನ ಮುಖಂಡರೊಬ್ಬರು ಬಾಡಿಗೆಯಿಲ್ಲದೆ ಕೋಣೆ ಕೊಡುವುದಾಗಿ ಹೇಳಿದ್ದಾರೆ. ನೋಂದಣಿ ಹೇಗೆ, ಬೆಲೆ ಎಷ್ಟಿಡಬೇಕು, ಉದ್ರಿ ಕೊಡಬೇಕೇ ಬೇಡವೇ ಎಂಬುದು ಅವರ ಪ್ರಶ್ನೆಗಳು.

ಮಾನ್ಯ ಸೋದರಿಯವರೇ,

ನಿಮ್ಮ ಪತ್ರವನ್ನು ಕಚೇರಿಯಲ್ಲಿ ಎಲ್ಲರೂ ಓದಿದೆವು. ಇಂಥ ಅಂಗಡಿಯೊಂದು ನಿಮ್ಮ ಊರಿನಲ್ಲಿ ತಲೆಯೆತ್ತಿ ನಿಲ್ಲಬೇಕೆಂಬುದು ನಮ್ಮ ಮನಃಪೂರ್ವಕವಾದ ಆಸೆ. ಆದ್ದರಿಂದಲೇ ಈ ಉತ್ತರ ದೀರ್ಘವಾಗಿದೆ. ಒಂದೆರಡು ಕಡೆ ನಿಮ್ಮ ಉತ್ಸಾಹಕ್ಕೆ ಅಡ್ಡ ಬಂದಂತೆಯೂ ಕಾಣಬಹುದು. ನೀವು ಕೊನೆಯಲ್ಲಿ ಕೇಳಿರುವ ಉದ್ರಿಯ ಪ್ರಶ್ನೆಯನ್ನೇ ನಾನು ಮೊದಲು ಎತ್ತಿಕೊಳ್ಳುತ್ತೇನೆ. ನೋಂದಣಿ ಕಾಗದಪತ್ರದ ಕೆಲಸ, ತಾಳ್ಮೆಯಿಂದ ಓಡಾಡಿದರೆ ಆಗುತ್ತದೆ. ಉದ್ರಿಯ ವಿಷಯದಲ್ಲಿ 80 ಮನೆಯವರು ಒಂದು ಮಾತಿಗೆ ಬರದಿದ್ದರೆ ಮಾತ್ರ, ನೋಂದಣಿಯಾದ ಸಂಘವೂ ವರ್ಷ ದಾಟುವುದು ಕಷ್ಟ.

ಲೆಕ್ಕ ಹಾಕಿ ನೋಡೋಣ. 80 ಮನೆಯವರೂ ತಿಂಗಳಿಗೆ ತಲಾ 2,500 ರೂಪಾಯಿಯ ಸಾಮಾನು ಕೊಂಡರೆ ವಹಿವಾಟು 2,00,000 ರೂಪಾಯಿ ಆಗುತ್ತದೆ. ದಿನಸಿಯಲ್ಲಿ ಎಲ್ಲ ಸಾಮಾನೂ ಸೇರಿ ಸರಾಸರಿ ನೂರಕ್ಕೆ 8 ರೂಪಾಯಿ ಉಳಿಯುತ್ತದೆ ಎಂದಿಟ್ಟುಕೊಂಡರೆ ಕೈಗೆ ಬರುವುದು 16,000. ಅಂಗಡಿಯಲ್ಲಿ ಕೂರುವವರ ಸಂಬಳ 9,000, ಬಾಡಿಗೆ 1,500, ಕರೆಂಟಿಗೆ 500, ಗಾಡಿ ಬಾಡಿಗೆ ಮತ್ತು ಹಮಾಲಿಗೆ 2,000, ತೂಕದಲ್ಲಿ ಹೋಗುವುದು, ಹುಳ ಬೀಳುವುದು, ಇಲಿ ತಿನ್ನುವುದು ಸೇರಿ 2,000 ಎಂದರೆ ಉಳಿಯುವುದು ಬರೀ 1,000 ರೂಪಾಯಿ. ಈಗ 80 ಮನೆಗಳಲ್ಲಿ ಅರ್ಧದಷ್ಟು ಜನ ಉದ್ರಿ ಬರೆಸಿ, ಮುಂದಿನ ತಿಂಗಳು ಕೊಡುತ್ತೇವೆ ಎಂದರೆ 1,00,000 ರೂಪಾಯಿ ಹೊರಗೆ ನಿಂತಿತು. ನಿಮ್ಮೆಲ್ಲರ ಷೇರು ಹಣ ಒಟ್ಟು ಸೇರಿದರೂ 80,000 ಮಾತ್ರ. ಸಗಟು ವ್ಯಾಪಾರಿಗೆ ಕೊಡಲು ಹಣವಿಲ್ಲದೆ ಅಂಗಡಿಯೇ ಅಲ್ಲಿ ಉದ್ರಿ ಹೇಳಬೇಕಾಗುತ್ತದೆ. ಉದ್ರಿ ಹೇಳಿದವರಿಗೆ ಅವನು ಹೇಳಿದ್ದೇ ದರ, ಕೊಟ್ಟದ್ದೇ ಮಾಲು.

ಹಾಗಾದರೆ ನಗದಿಗೆ ಮಾತ್ರ ಮಾರಾಟ ಎಂದು ಬೋರ್ಡು ಹಾಕಿಬಿಟ್ಟರೆ ಮುಗಿಯಿತೇ? ಮುಗಿಯುವುದಿಲ್ಲ. ನಿಮ್ಮ ತಾಲ್ಲೂಕು ಮಳೆಯನ್ನು ನಂಬಿದ ತಾಲ್ಲೂಕು. ಶೇಂಗಾ, ಮೆಕ್ಕೆಜೋಳ, ಈರುಳ್ಳಿ ಮಾರಿದಾಗ ಒಟ್ಟಿಗೆ ಒಂದಿಷ್ಟು ಹಣ ಕಾಣುವ ಮನೆಗಳು ಮತ್ತು ಕೂಲಿಯ ಬಟವಾಡೆ ಆದ ದಿನ ಮಾತ್ರ ದುಡ್ಡು ನೋಡುವ ಮನೆಗಳು ಅಲ್ಲಿ ಹೆಚ್ಚು. ಬರಗಾಲದಲ್ಲಿ ಆ ಮನೆಗಳ ಒಲೆ ಉರಿದಿರುವುದು ಊರಿನ ಕಿರಾಣಿ ಅಂಗಡಿಯವನ ಖಾತೆ ಪುಸ್ತಕದಿಂದ ಎಂಬುದನ್ನು ಮರೆಯಬಾರದು. ನಿಮ್ಮ ಪತ್ರದಲ್ಲಿ ಅವರನ್ನು ಸುಲಿಗೆಗಾರರು ಎಂದು ಕರೆದಿದ್ದೀರಿ. ಆ ಮಾತನ್ನು ದಯವಿಟ್ಟು ಸಭೆಯಲ್ಲಿ ಆಡಬೇಡಿ. ಅವರು ಬೆಲೆಯಲ್ಲಿ ಹೆಚ್ಚಿಗೆ ತೆಗೆದುಕೊಳ್ಳುವುದರಲ್ಲಿ ಒಂದು ಪಾಲು ಮುಳುಗಿಹೋಗುವ ಉದ್ರಿಗೆ ಸಲ್ಲುತ್ತದೆ. ಅಂಗಡಿ ತೆರೆಯುವ ಮೊದಲೇ ಅವರಿಬ್ಬರೊಡನೆ ಕುಳಿತು ನಿಮ್ಮ ಉದ್ದೇಶವನ್ನು ಹೇಳಿ.

ನನಗೆ ಸರಿಯೆನಿಸುವ ದಾರಿ ಹೀಗಿದೆ: ಉದ್ರಿಯನ್ನು ಅಂಗಡಿಯಿಂದ ಬಿಡಿಸಿ ನಿಮ್ಮ ಸ್ವಸಹಾಯ ಸಂಘಗಳ ಕೈಗೆ ಕೊಡಿ. ಉಳಿತಾಯದ ಹಣದಿಂದ ಸಾಲ ಕೊಟ್ಟು, ವಾರವಾರ ವಸೂಲು ಮಾಡುವ ಅಭ್ಯಾಸ ಆ ಸಂಘಗಳಿಗೆ ಆಗಲೇ ಇದೆ. ಸದಸ್ಯೆಯೊಬ್ಬರಿಗೆ ಈ ತಿಂಗಳು 1,000 ರೂಪಾಯಿಯ ದಿನಸಿ ಬೇಕು, ಕೈಯಲ್ಲಿ ಹಣವಿಲ್ಲ ಎಂದಾದರೆ ಅವರ ಸಂಘ ಆ ಹಣವನ್ನು ನೇರವಾಗಿ ಅಂಗಡಿಗೆ ಕಟ್ಟಲಿ, ಅವರು ಸಂಘಕ್ಕೆ ವಾರದ ಕಂತಿನಲ್ಲಿ ತೀರಿಸಲಿ. ಅಂಗಡಿಗೆ ಅದು ನಗದು ಮಾರಾಟವೇ ಆಗುತ್ತದೆ. ಯಾರ ಮನೆಯಲ್ಲಿ ನಿಜವಾದ ಕಷ್ಟವಿದೆ, ಯಾರದು ಬರಿಯ ಮುಂದೂಡಿಕೆ ಎಂಬುದನ್ನು ತಿಳಿದ ಹತ್ತು ಹದಿನೈದು ಹೆಂಗಸರು ಕುಳಿತು ನಿರ್ಧರಿಸಿದರೆ, ಕೌಂಟರಿನಲ್ಲಿ ಕುಳಿತ ಒಬ್ಬ ಹುಡುಗಿ ನೆಂಟರ ಮುಖ ನೋಡಿ ಇಲ್ಲವೆನ್ನಬೇಕಾದ ಸಂಕಟ ತಪ್ಪುತ್ತದೆ. ಜೊತೆಗೆ ಚಿಲ್ಲರೆ ಕೊಳ್ಳುವವರನ್ನು ಕಡೆಗಣಿಸಬೇಡಿ. ಕಾಲು ಕೆಜಿ ಬೇಳೆ, 10 ರೂಪಾಯಿಯ ಚಹಾಪುಡಿ ಕೇಳುವವರಿಗೆ ಅದನ್ನು ಗೌರವದಿಂದ ಕಟ್ಟಿಕೊಡದ ಅಂಗಡಿ ಇಡೀ ಊರಿನದು ಎನ್ನಿಸಿಕೊಳ್ಳಲಾರದು.

ನಗದು ವ್ಯಾಪಾರದ ಈ ಹಟ ಹೊಸದಲ್ಲ. ಇಂಗ್ಲೆಂಡಿನ ರಾಚ್‌ಡೇಲ್ ಎಂಬ ಗಿರಣಿ ಊರಿನಲ್ಲಿ 28 ಮಂದಿ ದುಡಿಯುವ ಜನ, ಅವರಲ್ಲಿ ಅನೇಕರು ನೇಕಾರರು, ವಾರಕ್ಕೆ ಕೆಲವೇ ಪೆನ್ನಿಗಳಂತೆ ಕೂಡಿಹಾಕಿ 1844ರ ಡಿಸೆಂಬರ್ 21ರಂದು ಒಂದು ಸಣ್ಣ ಅಂಗಡಿ ತೆರೆದರು. ಮೊದಲ ದಿನ ಅಲ್ಲಿದ್ದುದು ಹಿಟ್ಟು, ಬೆಣ್ಣೆ, ಸಕ್ಕರೆ, ಓಟ್ಸ್ ಹಿಟ್ಟು, ಒಂದಿಷ್ಟು ಮೇಣದ ಬತ್ತಿ. ಕಲಬೆರಕೆಯಿಲ್ಲದ ಸಾಮಾನು, ಸರಿಯಾದ ತೂಕ, ನಗದು ವ್ಯಾಪಾರ, ಷೇರು ಎಷ್ಟೇ ಇದ್ದರೂ ಒಬ್ಬರಿಗೆ ಒಂದೇ ಮತ, ಲಾಭ ಕೊಂಡವರಿಗೆ ಕೊಂಡಷ್ಟಕ್ಕೆ ತಕ್ಕಂತೆ: ಇವು ಅವರ ಕಟ್ಟುಪಾಡುಗಳು. ಮುಂದೆ ಲೋಕದ ಅನೇಕ ಸಹಕಾರಿ ಅಂಗಡಿಗಳು ಅವರ ಹಾದಿ ಹಿಡಿದವು. ಗಿರಣಿಗಳ ಊರಾಗಿದ್ದ ದಾವಣಗೆರೆಯ ಓದುಗರಿಗೆ ಆ ಜನರ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೆಲೆಯ ಪ್ರಶ್ನೆಗೂ ಅವರ ಕಟ್ಟುಪಾಡಿನಲ್ಲೇ ಉತ್ತರವಿದೆ. ಪೇಟೆಗಿಂತ ಕಡಿಮೆ ಬೆಲೆಗೆ ಮಾರಬೇಕೆಂದು ನೀವು ಬರೆದಿದ್ದೀರಿ. ನಾನು ಒಪ್ಪುವುದಿಲ್ಲ. ದಾವಣಗೆರೆಯ ಚಿಲ್ಲರೆ ಬೆಲೆಗೇ ಮಾರಿ. ಎಷ್ಟು ಉಳಿಯಿತು ಎಂಬುದು ವರ್ಷದ ಲೆಕ್ಕಪರಿಶೋಧನೆ ಆದ ಮೇಲೆ ತಿಳಿಯುತ್ತದೆ, ಆಗ ಹಂಚಿ. ಇದನ್ನು ನಿಮ್ಮ ಊರಿನವರಿಗೆ ತಿಳಿಸುವುದು ಸುಲಭ, ಏಕೆಂದರೆ ಹಾಲಿನ ಡೇರಿಯಲ್ಲಿ ಅವರು ಅದನ್ನು ಕಂಡಿದ್ದಾರೆ. ವರ್ಷವಿಡೀ ಹೆಚ್ಚು ಹಾಲು ಹಾಕಿದವರಿಗೆ ಹೆಚ್ಚು ಬೋನಸ್ ಬರುತ್ತದೆ, ಷೇರು ಮಾತ್ರ ಇಟ್ಟು ಹಾಲು ಹಾಕದವರಿಗೆ ಬೋನಸ್ ಇಲ್ಲ. ಅಲ್ಲಿ ಹಾಲು ಹಾಕಿದ ಲೆಕ್ಕ, ಇಲ್ಲಿ ಸಾಮಾನು ಕೊಂಡ ಲೆಕ್ಕ. ಪ್ರತಿ ಮನೆಗೂ ಡೇರಿಯ ಪಾಸ್‌ಬುಕ್‌ನಂಥದೇ ಒಂದು ಪುಸ್ತಕ ಕೊಟ್ಟು, ಕೊಂಡದ್ದನ್ನೆಲ್ಲ ಅಂದಂದೇ ಬರೆದು ಸಹಿ ಹಾಕಿ. ನಿವ್ವಳ ಲಾಭದಲ್ಲಿ ನೂರಕ್ಕೆ 25ರಷ್ಟನ್ನಾದರೂ ಕಾಯ್ದಿಟ್ಟ ನಿಧಿಗೆ ಹಾಕಬೇಕೆಂದು ರಾಜ್ಯದ ಸಹಕಾರ ಕಾಯ್ದೆ ಹೇಳುತ್ತದೆ. ಆದ್ದರಿಂದ ಮೊದಲ ವರ್ಷ ಬೋನಸ್ ಬಹಳ ಸಣ್ಣದಿರುತ್ತದೆ, ಇಲ್ಲದಿದ್ದರೂ ಇರಬಹುದು. ಈ ಮಾತನ್ನು ಷೇರು ತೆಗೆದುಕೊಳ್ಳುವಾಗಲೇ ಎಲ್ಲರಿಗೂ ಹೇಳಿರಿ.

ಇನ್ನು 80 ಎಂಬ ಸಂಖ್ಯೆ. ಷೇರು ಹಾಕುವ ಮನೆಗಳಿಗಿಂತ ಸಾಮಾನು ಕೊಳ್ಳುವ ಮನೆಗಳು ಮುಖ್ಯ. ಮೇಲಿನ ಲೆಕ್ಕದಲ್ಲೇ 30 ಮನೆಯವರು ಷೇರು ಹಾಕಿಯೂ ಪೇಟೆಗೇ ಹೋದರೆ ವಹಿವಾಟು 1,25,000ಕ್ಕೆ ಇಳಿದು, ಖರ್ಚಿಗೆ ಮುಂಚಿನ ಉಳಿಕೆ 16,000ದಿಂದ 10,000ಕ್ಕೆ ಬರುತ್ತದೆ. ಸಂಬಳ, ಬಾಡಿಗೆ, ಕರೆಂಟು ಇಳಿಯುವುದಿಲ್ಲ. ಗಾಡಿ ಮತ್ತು ನಷ್ಟ ಸ್ವಲ್ಪ ಕಡಿಮೆಯಾದರೂ ತಿಂಗಳಿಗೆ ಮೂರು ಸಾವಿರಕ್ಕೂ ಮೇಲೆ ಕೈಯಿಂದ ಹೋಗುತ್ತದೆ. ಬಸ್ ಚಾರ್ಜು ಉಳಿಯುವುದರಿಂದ ಎಲ್ಲರೂ ಬಂದೇ ಬರುತ್ತಾರೆ ಎಂದು ನೀವು ಭಾವಿಸಿದ್ದೀರಿ. ಆದರೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಸರ್ಕಾರಿ ಬಸ್ಸಿನಲ್ಲಿ ಮಹಿಳೆಯರಿಗೆ ಟಿಕೆಟ್ ಹಣವಿಲ್ಲ. ಸರ್ಕಾರಿ ಬಸ್ಸು ಬರುವ ಊರಾದರೆ ಪೇಟೆಯ ದೊಡ್ಡ ಅಂಗಡಿಯ ಆಕರ್ಷಣೆ ಮೊದಲಿಗಿಂತ ಹೆಚ್ಚಾಗಿದೆ. ನಿಮ್ಮ ಅಂಗಡಿ ಉಳಿಸುವುದು ಅರ್ಧ ದಿನದ ಹೊತ್ತನ್ನು ಮತ್ತು ಅರ್ಧ ದಿನದ ಕೂಲಿಯನ್ನು. ಅದನ್ನೇ ಹೇಳಿ.

ಆದ್ದರಿಂದ ಅಂಗಡಿಗೂ ಮೊದಲು ಒಟ್ಟಾಗಿ ಕೊಳ್ಳುವ ಅಭ್ಯಾಸವಾಗಲಿ ಎಂಬುದು ನನ್ನ ಒತ್ತಾಯದ ಸಲಹೆ. ಇಪ್ಪತ್ತು ಮನೆಗಳವರು ತಿಂಗಳ ಮೊದಲ ವಾರದಲ್ಲಿ ಚೀಟಿ ಬರೆದು ಮುಂಗಡ ಹಣ ಕೊಡಲಿ, ಇಬ್ಬರು ಹೋಗಿ ದಾವಣಗೆರೆಯಲ್ಲಿ ಸಗಟಿನಲ್ಲಿ ತರಲಿ, ಒಂದು ಭಾನುವಾರ ಕೂತು ಹಂಚಿಕೊಳ್ಳಿ. ಕೆಲವು ತಿಂಗಳು ಹೀಗೆ ನಡೆದರೆ ಯಾವ ಮನೆಗೆ ಏನು ಎಷ್ಟು ಬೇಕೆಂಬ ನಿಜವಾದ ಪಟ್ಟಿ ನಿಮ್ಮ ಕೈಯಲ್ಲಿರುತ್ತದೆ. ಆ ಪಟ್ಟಿಯಲ್ಲಿ ಅಕ್ಕಿ ನೀವು ಎಣಿಸಿದ್ದಕ್ಕಿಂತ ಬಹಳ ಕೆಳಗೆ ಇರುವುದನ್ನು ಕಾಣುವಿರಿ. 2013ರಲ್ಲಿ ಅನ್ನಭಾಗ್ಯ ಬಂದ ಮೇಲೆ ಬಿಪಿಎಲ್ ಕಾರ್ಡಿನ ಮನೆಗಳ ಅಕ್ಕಿ ಬಹುಪಾಲು ನ್ಯಾಯಬೆಲೆ ಅಂಗಡಿಯಿಂದಲೇ ಬರುತ್ತದೆ, ರಾಗಿ ಜೋಳ ಹೊಲದಿಂದ ಬರುತ್ತದೆ. ನಿಮ್ಮಿಂದ ಕೊಳ್ಳುವುದು ಎಣ್ಣೆ, ತೊಗರಿ ಬೇಳೆ, ಸಕ್ಕರೆ, ಬೆಲ್ಲ, ಮೆಣಸಿನಕಾಯಿ, ಚಹಾಪುಡಿ, ಸೋಪು. ಮೂವತ್ತು ನಲವತ್ತು ಬಗೆಯಿಂದ ಶುರುಮಾಡಿದರೆ ಸಾಕು. ಶೇಂಗಾ ಎಣ್ಣೆಯ ಗಾಣ ಮಿಲ್ಲುಗಳಿಗೆ ಹೆಸರಾದ ಚಳ್ಳಕೆರೆ ನಿಮಗೆ ದೂರವಲ್ಲ. ಅಲ್ಲಿಂದ ನೇರವಾಗಿ ತರುವ ಒಳ್ಳೆಯ ಎಣ್ಣೆಯೊಂದೇ ನಿಮ್ಮ ಅಂಗಡಿಗೆ ಹೆಸರು ತರಬಲ್ಲದು.

ತೂಕದ ಬಗ್ಗೆ ಒಂದು ಮಾತು, ಏಕೆಂದರೆ ಇಂಥ ಅಂಗಡಿಗಳ ನಷ್ಟ ಬಹಳ ಸಲ ಅಲ್ಲಿಂದಲೇ ಆಗುತ್ತದೆ. 50 ಕೆಜಿಯ ಒಂದು ಚೀಲ ಸಕ್ಕರೆಯಲ್ಲಿ ಕೆಜಿಗೆ 1 ರೂಪಾಯಿ ಉಳಿದರೆ ಚೀಲಕ್ಕೆ 50 ರೂಪಾಯಿ. ನೆರೆಮನೆಯವರು ಎಂಬ ಸಂಕೋಚಕ್ಕೆ ಪ್ರತಿ ಕೆಜಿಗೂ 10 ಗ್ರಾಂ ಹೆಚ್ಚು ಬಿದ್ದರೆ ಚೀಲದ ಕೊನೆಗೆ ಅರ್ಧ ಕೆಜಿ ಹೋಗಿರುತ್ತದೆ, ಅಂದರೆ ಲಾಭದಲ್ಲಿ ಅರ್ಧದ ಹತ್ತಿರ. ಬೆಲ್ಲ ಮಳೆಗಾಲದಲ್ಲಿ ಬೆವರುತ್ತದೆ, ಬೇಸಿಗೆಯಲ್ಲಿ ಒಣಗಿ ತೂಕ ಇಳಿಯುತ್ತದೆ. ಕಾನೂನು ಮಾಪನ ಇಲಾಖೆಯ ಮುದ್ರೆ ಬಿದ್ದ ತಕ್ಕಡಿ ಇಟ್ಟುಕೊಳ್ಳಿ, ಮತ್ತು ತಿಂಗಳಿಗೊಮ್ಮೆ ಅಂಗಡಿ ಮುಚ್ಚಿ ಇರುವ ಸಾಮಾನನ್ನೆಲ್ಲ ತೂಗಿ ಪುಸ್ತಕದೊಡನೆ ತಾಳೆ ನೋಡಿ. ತೂಗುವವರು ಅಂಗಡಿಯಲ್ಲಿ ಕೂರುವವರಲ್ಲದೆ ಬೇರೆ ಇಬ್ಬರು ಸದಸ್ಯರಾಗಿರಲಿ. ಇದರಲ್ಲಿ ಯಾರ ಮೇಲೂ ಅನುಮಾನವಿಲ್ಲ. ಪ್ರಾಮಾಣಿಕವಾಗಿ ದುಡಿಯುವ ಹುಡುಗಿಗೆ ನಾಳೆ ಮಾತು ಬಾರದಂತೆ ಕಾಯುವುದು ಇದೇ ತಾಳೆ.

ಬಾಡಿಗೆಯಿಲ್ಲದ ಕೋಣೆಯನ್ನು ದಯವಿಟ್ಟು ಒಪ್ಪಿಕೊಳ್ಳಬೇಡಿ. ಕೊಡುವವರ ಮನಸ್ಸು ಒಳ್ಳೆಯದೇ ಇರಬಹುದು. ಆದರೂ ಪಂಚಾಯಿತಿ ಚುನಾವಣೆ ಬಂದಾಗ ಊರಿನ ಅರ್ಧ ಜನ ಆ ಅಂಗಡಿಯನ್ನು ಅವರ ಕಡೆಯದು ಎಂದೇ ಎಣಿಸುತ್ತಾರೆ. ಅದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ. ಆ ಕೋಣೆ ಯಾವ ಬೀದಿಯಲ್ಲಿದೆ? ಹರಿಜನ ಕೇರಿಯ ಹೆಣ್ಣುಮಗಳೊಬ್ಬಳು ಸಂಜೆ ಹೊತ್ತಿನಲ್ಲಿ ಸಂಕೋಚವಿಲ್ಲದೆ ಅಲ್ಲಿಗೆ ಬಂದು, ಸರದಿಯಲ್ಲಿ ಎಲ್ಲರ ಜೊತೆ ನಿಂತು, ಚೀಲ ಹಿಡಿದು ಹೋಗುವಂತಿದೆಯೇ? ಬಸ್ ನಿಲ್ದಾಣದ ಬಳಿ, ಎಲ್ಲ ಕೇರಿಯವರೂ ದಿನವೂ ಓಡಾಡುವ ಜಾಗದಲ್ಲಿ, ಬಾಡಿಗೆ ಕೊಟ್ಟು, ಕರಾರು ಬರೆದು ಕೋಣೆ ಹಿಡಿಯಿರಿ. ಆಡಳಿತ ಮಂಡಳಿಯಲ್ಲಿ ಆ ಕೇರಿಯ ಮಹಿಳೆಯರು ಇರಲೇಬೇಕು. ಅವರ ಕೈಯಲ್ಲಿ ಖರೀದಿಯ ಜವಾಬ್ದಾರಿಯೂ ಇರಲಿ, ಬರಿಯ ಕುರ್ಚಿಯಲ್ಲ.

ನೋಂದಣಿಗೆ ನಿಮ್ಮ ಮುಂದೆ ಎರಡು ಕಾಯ್ದೆಗಳಿವೆ: 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ ಮತ್ತು 1997ರ ಕರ್ನಾಟಕ ಸೌಹಾರ್ದ ಸಹಕಾರಿ ಕಾಯ್ದೆ. ಮೊದಲನೆಯದರಲ್ಲಿ ಇಲಾಖೆಯ ಉಸ್ತುವಾರಿ ಹೆಚ್ಚು, ಸರ್ಕಾರದ ನೆರವಿಗೂ ಅವಕಾಶವಿದೆ. ಎರಡನೆಯದರಲ್ಲಿ ಸ್ವಾತಂತ್ರ್ಯ ಹೆಚ್ಚು, ಹೊಣೆಯೂ ಹೆಚ್ಚು. ಸಹಕಾರ ಸಂಘಗಳ ಸಹಾಯಕ ನಿಬಂಧಕರ ಕಚೇರಿಗೆ ಹೋಗಿ ಮಾದರಿ ಬೈಲಾ ಕೇಳಿ ಪಡೆದು, ಸಭೆಯಲ್ಲಿ ಸಾಲುಸಾಲಾಗಿ ಓದಿಸಿ. ಆಹಾರ ಸುರಕ್ಷತೆಯ ನೋಂದಣಿ ಅಥವಾ ಪರವಾನಗಿ, ನಿಮ್ಮ ವಹಿವಾಟಿಗೆ ಯಾವುದು ಬೇಕೋ ಕೇಳಿ ಮಾಡಿಸಬೇಕು. ವರ್ಷಕ್ಕೆ 24 ಲಕ್ಷದ ವಹಿವಾಟು, ಸರಕು ಮಾರುವವರಿಗಿರುವ ಜಿಎಸ್‌ಟಿ ನೋಂದಣಿಯ 40 ಲಕ್ಷದ ಮಿತಿಯ ಒಳಗೇ ಇರುತ್ತದೆ. ಪಕ್ಕದ ಊರಿನ ವ್ಯವಸಾಯ ಸೇವಾ ಸಹಕಾರ ಸಂಘವು ಚೆನ್ನಾಗಿ ನಡೆಯುತ್ತಿದ್ದರೆ, ಅದರ ಶಾಖೆಯಾಗಿಯೇ ನಿಮ್ಮ ಅಂಗಡಿ ನಡೆಯಬಹುದೇ ಎಂದೂ ವಿಚಾರಿಸಿ. ಹೊಸ ಸಂಘದ ಖರ್ಚು ಉಳಿಯುತ್ತದೆ.

ಹಿಂದೆ ಸೊಸೈಟಿಗಳು ಮುಚ್ಚಿಹೋದವಲ್ಲ ಎಂದು ನಿಮ್ಮ ಊರಿನ ಹಿರಿಯರು ಕೇಳಿದ್ದಾರಂತೆ. ಅವರ ಮಾತಿನಲ್ಲಿ ಸತ್ಯವಿದೆ. ದೇಶದ ಸಹಕಾರ ಚಳವಳಿಯ ಮೊದಲ ಸಂಘಗಳಲ್ಲೊಂದು ನಮ್ಮ ಗದಗ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ ಹುಟ್ಟಿತು. ಅದು ಸಾಲದ ಸಂಘ. ಊರಿನವರಿಗೆ ಸಾಲ ಬೇಕಾಗಿತ್ತು. 1962ರ ಚೀನಾ ಯುದ್ಧದ ನಂತರ ಬೆಲೆ ಏರಿಕೆ ತಡೆಯಲೆಂದು ಸರ್ಕಾರವೇ ಮುಂದೆ ನಿಂತು ದೇಶದ ತುಂಬ ಗ್ರಾಹಕರ ಸಹಕಾರಿ ಮಳಿಗೆಗಳನ್ನು ತೆರೆಸಿತು. ಕಂಟ್ರೋಲಿನ ಸಕ್ಕರೆ, ಸೀಮೆಎಣ್ಣೆ ಇರುವವರೆಗೆ ಅವುಗಳ ಮುಂದೆ ಜನ ನಿಂತರು. ಬೇರೆ ಕಡೆ ಸಾಮಾನು ಸಲೀಸಾಗಿ ಸಿಗತೊಡಗಿದ ಮೇಲೆ, ಅದು ತಮ್ಮದು ಎಂದು ಕೊಳ್ಳುವವರು ಇಲ್ಲದ ಮಳಿಗೆಗಳು ಬಾಗಿಲು ಹಾಕಿದವು ಎಂದೇ ನಾನು ತಿಳಿಯುತ್ತೇನೆ. ನೀವು ಬೇಡಿಕೆಯಿಂದ ಶುರುಮಾಡುತ್ತಿದ್ದೀರಿ, ಆದೇಶದಿಂದ ಅಲ್ಲ. ನಿಮ್ಮ ಬಗ್ಗೆ ನಮಗೆ ನಂಬಿಕೆ ಬಂದಿರುವುದು ಇದೇ ಕಾರಣಕ್ಕೆ.

ಯುಗಾದಿಯ ಹೊತ್ತಿಗೆ ತೆರೆಯುವ ಆತುರ ಬೇಡ. ಆಗ ಬೇಸಿಗೆ ಮುಂದಿರುತ್ತದೆ, ಕೆಲಸ ಕಡಿಮೆ, ಕೈಯಲ್ಲಿ ಹಣವೂ ಕಡಿಮೆ. ಮೊದಲ ವಾರವೇ ಉದ್ರಿ ಕೇಳುವವರು ಬರುತ್ತಾರೆ. ಯುಗಾದಿಗೆ ಒಟ್ಟಾಗಿ ಕೊಳ್ಳುವ ಚೀಟಿ ಆರಂಭವಾಗಲಿ. ಷೇರು ಹಣವನ್ನು ತಿಂಗಳಿಗೆ 100 ರೂಪಾಯಿಯಂತೆ ಕಂತಿನಲ್ಲಿ ತೆಗೆದುಕೊಳ್ಳಿ, ಉಳಿದದ್ದನ್ನು ಮೆಕ್ಕೆಜೋಳ ಮಾರುಕಟ್ಟೆಗೆ ಹೋದ ಮೇಲೆ ಕೊಡಲಿ. ಅಂಗಡಿಯ ಬಾಗಿಲು ದೀಪಾವಳಿಯ ನಂತರ ತೆರೆಯಲಿ. ಮೊದಲ ಮೂರು ತಿಂಗಳ ಚೀಟಿಯ ಪಟ್ಟಿಯನ್ನು ನಮಗೆ ಕಳುಹಿಸಿದರೆ, ಯಾವ ಸಾಮಾನು ಎಷ್ಟು ತರಿಸಬೇಕೆಂಬುದನ್ನು ಕೂತು ಲೆಕ್ಕ ಹಾಕಿ ಬರೆದು ತಿಳಿಸುತ್ತೇವೆ.

ಸಂಪಾದಕರು